ಹಡಗಿನ ಮೇಲೆ ಕೂಡಿದ ತವರು

ಸೋದರಿಯರೇ, ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ನಿಮಗೆ ಮೊದಲು ನೆನಪಾಗುವುದು ಏನು? ಹಪ್ಪಳವೋ, ಉಪ್ಪಿನಕಾಯಿಯೋ, ಇಲ್ಲಾ ಮಕ್ಕಳ ಪರೀಕ್ಷೆಯ ಫಲಿತಾಂಶವೋ? ನನಗಂತೂ ತವರುಮನೆ. ಮದುವೆಯಾಗಿ ಎಷ್ಟು ವರ್ಷವಾದರೇನು, ಬೇಸಿಗೆಯಲ್ಲಿ ಹದಿನೈದು ದಿನ ತವರಿಗೆ ಹೋಗಿ ಕಾಲು ಚಾಚಿ ಕೂತು ಬರದಿದ್ದರೆ ನಮ್ಮಂಥವರಿಗೆ ವರ್ಷ ಮುಗಿದ ಹಾಗೇ ಅನ್ನಿಸುವುದಿಲ್ಲ, ಏನಂತೀರಿ?

ನನ್ನ ತವರು ಸಾಗರದ ಕಡೆಯ ಒಂದು ಹಳ್ಳಿ. ಅಡಿಕೆ ತೋಟ, ತೋಟದ ಕೆಳಗೆ ಹಳ್ಳ, ಹಿತ್ತಿಲಲ್ಲಿ ಎರಡು ಹಲಸಿನ ಮರ. ಬೇಸಿಗೆಯಲ್ಲಿ ಅಣ್ಣ, ಅಕ್ಕ, ನಾನು, ತಂಗಿ ನಾಲ್ಕೂ ಜನ ಸೇರಿದರೆ ಬೆಳಗ್ಗೆ ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿಗೆ ಉಪ್ಪು ಹಾಕುವುದು; ಮಧ್ಯಾಹ್ನ ಜಗಲಿಯಲ್ಲಿ ಚೌಕಾಬಾರ. ಕವಡೆ ಸಾಲದಿದ್ದರೆ ಹುಣಿಸೆಬೀಜ ಒಡೆದು ಆಡುತ್ತಿದ್ದೆವು. ಅಳಗುಳಿಮಣೆಯೂ ಇತ್ತು. ಇಸ್ಪೀಟಿನ ಎಲೆ ಮಾತ್ರ ಆ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಮ್ಮೆ ಅಕ್ಕ ಯಾರಿಂದಲೋ ಒಂದು ಹಳೆಯ ಕಟ್ಟು ತಂದಿದ್ದಕ್ಕೆ ಅಮ್ಮ ಒಂದೂ ಮಾತಾಡದೆ ಅದನ್ನು ಬಚ್ಚಲ ಒಲೆಗೆ ಹಾಕಿದ್ದಳು. ಅಮ್ಮನ ಮಡಿ, ಅಮ್ಮನ ಶಾಸ್ತ್ರ ಅಂತ ನಾವು ನಕ್ಕು ಸುಮ್ಮನಾಗಿದ್ದೆವು.

ಅಪ್ಪಯ್ಯ 2007ರಲ್ಲಿ ತೀರಿಕೊಂಡರು. 2014ರಲ್ಲಿ ಅಣ್ಣ ಮನೆ-ತೋಟ ಮಾರಿ ಅಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಹೋದ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು ನಿಮಗೆಲ್ಲ ತಿಳಿದೇ ಇದೆ. ಹಾಗಾಗಿ ನಮ್ಮ ಮೂವರ ರುಜುವೂ ಬೇಕಿತ್ತು. ಅಕ್ಕ ಮತ್ತು ನಾನು ನಮ್ಮ ಪಾಲು ಬೇಡವೆಂದು ಬರೆದುಕೊಟ್ಟೆವು. ಅಮೆರಿಕದಲ್ಲಿರುವ ತಂಗಿ ತನ್ನ ಪಾಲು ಬೇಕೆಂದಳು. ಕೇಳಿದ್ದು ತಪ್ಪಲ್ಲ, ಕಾನೂನು ಕೊಟ್ಟ ಹಕ್ಕು. ಇದನ್ನು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅಣ್ಣ ಕೊಟ್ಟ, ಲೆಕ್ಕ ಹಾಕಿ ಪೈಸೆ ಸಮೇತ ಕೊಟ್ಟ. ಆದರೆ ಕೊಡುವಾಗ, ತಗೊಳ್ಳುವಾಗ ಆಡಿದ ಮಾತುಗಳಿವೆಯಲ್ಲ, ಅವು ಹಣಕ್ಕಿಂತ ಹೆಚ್ಚು ದಿನ ಉಳಿದವು. “ಈ ಮನೆಗೆ ನಿನ್ನ ಋಣ ಏನಿದೆ?” ಅಂದ ಅಣ್ಣ. “ನಿಂಗೇನಿದೆ?” ಅಂದಳು ಇವಳು. ಅಲ್ಲಿಂದ ಒಂಬತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ತಂಗಿ ಊರಿಗೆ ಬಂದರೆ ಅಮ್ಮನನ್ನು ನನ್ನ ಮನೆಗೆ ಕರೆಸಿಕೊಂಡು ನೋಡಿ ಹೋಗುತ್ತಿದ್ದಳು.

2023ರ ಬೇಸಿಗೆಗೆ ಮುಂಬಯಿಯ ಅಕ್ಕ-ಭಾವನ ಮದುವೆಯಾಗಿ ಇಪ್ಪತ್ತೈದು ವರ್ಷ. ಭಾವನ ಎಲ್.ಐ.ಸಿ. ಪಾಲಿಸಿಯ ಹಣವೂ ಆ ವರ್ಷವೇ ಕೈಗೆ ಬಂದಿತ್ತು. ಅಕ್ಕ ಫೋನು ಮಾಡಿ, “ಎಲ್ಲರೂ ಹೊರಡಿ, ಹಡಗಿನಲ್ಲಿ ಹೋಗಿ ಗೋವಾ ನೋಡ್ಕೊಂಡು ಬರೋಣ, ಖರ್ಚು ನಮ್ದು” ಅಂದಳು. ನಾನು, “ಅಲ್ಲ ಮಾರಾಯ್ತಿ, ಅಷ್ಟು ದುಡ್ಡು ಸುರಿದು ಸಮುದ್ರದ ಮೇಲೆ ಯಾಕೆ? ಒಂದು ಛತ್ರ ಹಿಡಿದು ಊಟ ಹಾಕ್ಸಬಾರ್ದಾ?” ಎಂದೆ. ಅಕ್ಕ ಏನೆಂದಳು ಗೊತ್ತೇ? “ಛತ್ರದಲ್ಲಾದ್ರೆ ಮುನಿಸ್ಕೊಂಡವ್ರು ಬಸ್ಸು ಹತ್ತಿ ಹೋಗ್ತಾರೆ. ಹಡಗಿನಲ್ಲಿ ಎಲ್ಲಿಗೆ ಹೋಗ್ತಾರೆ ಹೇಳು?”

ಅಕ್ಕನ ತಲೆಯೇ ತಲೆ!

ನಾವು ಜೋಗದ ಮೇಲಿಂದ ಘಟ್ಟ ಇಳಿದು, ಕುಮಟಾದಲ್ಲಿ ರೈಲು ಹತ್ತಿ, ಬೆಳಗಾಗುವಾಗ ಮುಂಬಯಿ ಸೇರಿದೆವು. ಅಣ್ಣ-ಅತ್ತಿಗೆ ಬೆಂಗಳೂರಿನಿಂದ ಅಮ್ಮನ ಜೊತೆ ಬಂದರು. ತಂಗಿ ಮತ್ತು ಅವಳ ಗಂಡ ಅಮೆರಿಕದಿಂದ ನೇರ ಅಲ್ಲಿಗೇ ಇಳಿದರು. ಬಲ್ಲಾರ್ಡ್ ಪಿಯರ್ ಎಂಬಲ್ಲಿ ಹಡಗು ನಿಂತಿತ್ತು. ಹಡಗೆಂದರೆ ಹಡಗಲ್ಲ, ಹತ್ತು-ಹನ್ನೊಂದು ಅಂತಸ್ತಿನ ಕಟ್ಟಡವನ್ನೇ ನೀರಿನ ಮೇಲೆ ಇಟ್ಟ ಹಾಗೆ. ಅಮ್ಮ ಕತ್ತೆತ್ತಿ ನೋಡಿ, “ನಮ್ಮ ದೊಡ್ಡಪ್ಪ ಹೋಟೆಲ್ ಕೆಲಸಕ್ಕೆ ಅಂತ ಪಣಜಿಯಿಂದ ಸ್ಟೀಮರ್ ಹತ್ತಿ ಬೊಂಬಾಯಿಗೆ ಬಂದಿದ್ರಂತೆ. ಮೇಲಿನ ಹಲಗೆಯ ಮೇಲೆ ಚಾಪೆ ಹಾಸಿ, ಒಂದು ಹಗಲು ಒಂದು ರಾತ್ರಿ” ಎಂದಳು. ಹೌದು, ಕೊಂಕಣ ರೈಲು 1998ರಲ್ಲಿ ಪೂರ್ತಿ ಆಗುವ ಮೊದಲು ಕರಾವಳಿಯ ಎಷ್ಟು ಜನಕ್ಕೆ ಆ ಸ್ಟೀಮರೇ ದಾರಿಯಾಗಿತ್ತು!

ಹೋಗುವವರಿಗೆ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ನನ್ನ ಎರಡು ಕಿಲೋ ಕೋಡುಬಳೆ, ಅತ್ತಿಗೆಯ ತಂಬಿಟ್ಟು ಎಲ್ಲ ತಪಾಸಣೆಯ ಹತ್ತಿರವೇ ಉಳಿದವು. ಭಾವನ ಆಫೀಸಿನವರೊಬ್ಬರು ಬಂದು ಒಯ್ದರು, ಪುಣ್ಯವಂತರು. ಹೊಟ್ಟೆ ತೊಳೆಸುವವರು ಕೋಣೆ ಕೇಳುವಾಗ ಕೆಳ ಅಂತಸ್ತಿನಲ್ಲಿ, ಹಡಗಿನ ಮಧ್ಯಭಾಗದಲ್ಲಿ ಕೇಳಿ. ಅಲ್ಲಿ ಓಲಾಟ ಕಡಿಮೆ. ನಾನು ಶುಂಠಿಯ ಚೂರಿಗೆ ಉಪ್ಪು ಹಾಕಿ ಒಣಗಿಸಿ ಡಬ್ಬಿಯಲ್ಲಿಟ್ಟುಕೊಂಡಿದ್ದೆ, ಅದನ್ನು ಔಷಧಿಯೆಂದು ಬಿಟ್ಟರು. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಜೈನರ ಊಟದ ಸಾಲು ಬೇರೆಯೇ ಇರುತ್ತದೆ, ಅಮ್ಮನಿಗೆ ಅದೇ ಆಯಿತು. ಸಾರು ಮಾತ್ರ ಸಿಹಿ! ಹೊರಡುವ ಮೊದಲು ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಹಾಕಿ ಎಲ್ಲರನ್ನೂ ಒಂದೆಡೆ ಸೇರಿಸಿ, ಅಪಾಯವಾದರೆ ಏನು ಮಾಡಬೇಕೆಂದು ಹೇಳಿಕೊಟ್ಟರು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಡಗುಗಳಿಗೆಲ್ಲ ಇಂಥ ನಿಯಮಗಳು ಬಿಗಿಯಾದವಂತೆ. ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದಾಗ ಅಮ್ಮ ಕೊರಳಿಗೆ ಕೈ ಹಾಕಿ, “ಉಸಿರು ಕಟ್ಟತ್ತೆ, ತೆಗೀರೇ” ಎಂದು ಗಲಾಟೆ ಮಾಡಿದಳು. ಮಗ್ಗುಲಲ್ಲಿ ಅಣ್ಣ, ಇನ್ನೊಂದು ಮಗ್ಗುಲಲ್ಲಿ ತಂಗಿ; ಇಬ್ಬರೂ ಒಟ್ಟಿಗೆ ಪಟ್ಟಿ ಬಿಚ್ಚಲು ಕೈ ಹಾಕಿದರು, ಇಬ್ಬರೂ ಒಟ್ಟಿಗೆ ಕೈ ತೆಗೆದರು.

ಮೊದಲ ದಿನ ಹೀಗೇ ಹೋಯಿತು. ಊಟದ ಮೇಜಿನಲ್ಲಿ ಅಣ್ಣ ಈ ತುದಿ, ತಂಗಿ ಆ ತುದಿ. ಉಪ್ಪು ಬೇಕಿದ್ದರೆ ನನ್ನ ಹತ್ತಿರ ಕೇಳುವುದು.

ಮರುದಿನ ಬೆಳಗ್ಗೆ ಮುರಗಾಂವ್ ಬಂದರು. ಅಲ್ಲಿಂದ ವ್ಯಾನು ಮಾಡಿಕೊಂಡು ಜುವಾರಿಯ ಹೊಸ ಸೇತುವೆ ದಾಟಿ, ಮಂಗೇಶಿ ದೇವಸ್ಥಾನ, ಹಳೆಗೋವಾದ ಬಾಮ್ ಜೀಸಸ್ ಇಗರ್ಜಿ ನೋಡಿ ಪಣಜಿಗೆ ಬಂದೆವು. ಮಾಂಡೋವಿ ನದಿಯ ದಂಡೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ ಎಂದಾಗ ಅಮ್ಮ ಕೈಮುಗಿದಳು. ಆದರೆ ನದಿಯ ಮೇಲೆ ನೋಡಿದರೆ ಸಾಲಾಗಿ ನಿಂತ ದೊಡ್ಡ ದೊಡ್ಡ ಹಡಗುಗಳು, ಹಗಲಲ್ಲೂ ಬಣ್ಣದ ಫಲಕಗಳು. ಎಲ್ಲ ಕಾಸಿನೋಗಳು, ಎಂದರೆ ಜೂಜಿನ ಮನೆಗಳು! ವ್ಯಾನಿನ ಚಾಲಕ ಕಾರವಾರದ ಕಡೆಯವನು, ಕನ್ನಡದಲ್ಲೇ ವಿವರಿಸಿದ. ಗೋವಾದ ಜೂಜಿನ ಕಾನೂನು 1976ರದು. ಅದಕ್ಕೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು, 1996ರಲ್ಲಿ ಹಡಗಿನ ಮೇಲೆ ಆಡುವುದಕ್ಕೂ ಕೊಟ್ಟರು. ಆದರೆ 2020ರ ಫೆಬ್ರವರಿಯಿಂದ ಗೋವಾದವರೇ ಅಲ್ಲಿ ಹೋಗಿ ಆಡುವಂತಿಲ್ಲ, ಹೊರಗಿನವರಿಗೆ ಮಾತ್ರ.

“ಹಾಗಾದ್ರೆ ಆ ಊರಿನವರಿಗೆ ಇದು ಎಂಥದು ಅಂತ ಗೊತ್ತುಂಟು ಅಂತಾಯ್ತು” ಎಂದಳು ಅಮ್ಮ. ಎಲ್ಲರೂ ನಕ್ಕೆವು. ಅಣ್ಣ ನಗಲಿಲ್ಲ, ನದಿಯ ಕಡೆ ನೋಡುತ್ತಿದ್ದ.

ಸಂಜೆ ಹಡಗಿಗೆ ಮರಳಿದೆವು. ಹಡಗು ಬಂದರು ಬಿಟ್ಟು ದೂರ ಹೋದ ಮೇಲೆ ಅದರೊಳಗಿನ ಕಾಸಿನೋ ಬಾಗಿಲೂ ತೆರೆಯಿತು. ತಂಗಿಯ ಗಂಡನಿಗೆ ಅಲ್ಲಿಗೆ ಹೋಗಲೇಬೇಕು, ಅಕ್ಕನ ಮಗನಿಗೆ ತೋರಿಸಲೇಬೇಕು. “ನೋಡಿದ್ರೆ ಪಾಪ ಬರಲ್ಲ, ಬನ್ನಿ” ಎಂದು ಭಾವ ನಮ್ಮನ್ನೆಲ್ಲ ಹೊರಡಿಸಿದರು. ಅಮ್ಮನನ್ನು ಕೋಣೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ? ಅವಳೂ ಶಾಲು ಹೊದ್ದು ಬಂದಳು.

ಒಳಗೆ ಏನಿದೆ ಎಂದು ನಿಮಗೂ ಕುತೂಹಲವಿರಬೇಕು. ಕಿಟಕಿ ಇಲ್ಲ, ಗೋಡೆಗೆ ಗಡಿಯಾರ ಇಲ್ಲ. ಹಗಲೋ ರಾತ್ರಿಯೋ ತಿಳಿಯಬಾರದು, ಅಷ್ಟೇ. ನಮ್ಮ ನೋಟುಗಳನ್ನು ಇಸಕೊಂಡು ಬಣ್ಣದ ಬಿಲ್ಲೆಗಳನ್ನು ಕೊಡುತ್ತಾರೆ. ನೋಟು ಬಿಡುವಾಗ ಕೈ ಹಿಂಜರಿಯುತ್ತದೆ, ಬಿಲ್ಲೆ ಬಿಡುವಾಗ ಹಿಂಜರಿಯುವುದಿಲ್ಲ. ಎಷ್ಟು ಉಪಾಯ ನೋಡಿ! ಒಂದು ಕಡೆ ಗುಂಡಿ ಒತ್ತಿದರೆ ಚಿತ್ರ ತಿರುಗುವ ಯಂತ್ರಗಳು. ಇನ್ನೊಂದು ಕಡೆ ರೂಲೆಟ್ ಚಕ್ರ. ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆ, ಚಕ್ರ ತಿರುಗಿಸಿ ಒಂದು ಬಿಳಿ ಗುಂಡು ಬಿಡುತ್ತಾರೆ, ಅದು ನಿಂತ ಮನೆಯ ಅಂಕಿಗೆ ಇಟ್ಟವರಿಗೆ ಗೆಲುವು.

ಅಕ್ಕನ ಮಗ ಲೆಕ್ಕ ಓದಿದ ಹುಡುಗ. ನನಗೆ ಪಿಸುಗುಟ್ಟಿದ: “ಚಿಕ್ಕಮ್ಮ, 37 ಮನೆಗೂ ನೂರು ನೂರು ಇಟ್ರೆ 3,700 ಆಯ್ತು. ಯಾವ್ದೋ ಒಂದು ಬಂದೇ ಬರತ್ತೆ. ಆಗ ನಮ್ಮ ನೂರೂ ಸೇರಿ ಕೈಗೆ ಬರೋದು 3,600. ಉಳಿದ ನೂರು ಇವರದು. ಯಾರು ಗೆಲ್ಲಲಿ, ಯಾರು ಸೋಲಲಿ, ಇವರ ನೂರು ಇವರಿಗೆ ಬರ್ತಾನೇ ಇರತ್ತೆ.” ತಂಗಿ ಪಕ್ಕದಿಂದ, “ಅಮೆರಿಕದ ಚಕ್ರದಲ್ಲಿ ಇನ್ನೊಂದು ಜೋಡಿ ಸೊನ್ನೆಯ ಮನೆ ಇರತ್ತೆ, 38. ಕೊಡೋದು ಅಷ್ಟೇ” ಎಂದಳು. ನನಗೆ ಚೀಟಿ ನಡೆಸುವವರ ಕಮಿಷನ್ನು ಗೊತ್ತಿತ್ತು. ಆದರೆ ಚೀಟಿಯಲ್ಲಿ ಎಲ್ಲರಿಗೂ ಒಂದು ಸಲವಾದರೂ ದುಡ್ಡು ಬರುತ್ತದಲ್ಲ!

ತಂಗಿಯ ಗಂಡ ಮೊದಲು ಎರಡು ಸಾವಿರ ಇಟ್ಟು ನಾಲ್ಕು ಸಾವಿರ ಮಾಡಿಕೊಂಡರು. ಅದೇನು ಹುರುಪು! ಪಾನೀಯ ಬಂತು, ಚಪ್ಪಾಳೆ ಬಿತ್ತು. ಅರ್ಧ ಗಂಟೆಯಲ್ಲಿ ನಾಲ್ಕೂ ಹೋಗಿ, ಮೇಲೆ ಏಳು ಸಾವಿರ ಹೋಯಿತು. ಬಿಲ್ಲೆ ಎಳೆದುಕೊಳ್ಳುವ ಹುಡುಗಿ ಎಷ್ಟು ನಯವಾಗಿ, ಎಷ್ಟು ಚೆಂದ ನಗುತ್ತ ಎಳೆದುಕೊಂಡಳೆಂದರೆ ಸೋತವರೇ ಅವಳಿಗೆ ಥ್ಯಾಂಕ್ಸ್ ಹೇಳಿದರು.

ಆಚೆ ಇನ್ನೊಂದು ಮೇಜು. ಮಧ್ಯೆ ಒಂದು ಎಲೆಯನ್ನು ಮಗುಚಿ ಇಟ್ಟು, ಆಮೇಲೆ ಈ ಕಡೆ ಒಂದು, ಆ ಕಡೆ ಒಂದು ಎಲೆ ಹಾಕುತ್ತ ಹೋಗುವುದು. ಮಧ್ಯದ ಎಲೆಯ ಜೊತೆಯದು ಯಾವ ಕಡೆ ಬೀಳುತ್ತದೋ ಆ ಕಡೆಗೆ ಇಟ್ಟವರು ಗೆದ್ದರು. ಅಂದರ್-ಬಾಹರ್. ನಮ್ಮ ದಿನಪತ್ರಿಕೆಗಳಲ್ಲಿ ‘ಅಂದರ್-ಬಾಹರ್: ಎಂಟು ಮಂದಿ ಬಂಧನ, ನಗದು ವಶ’ ಎಂದು ಓದುತ್ತೇವಲ್ಲ, ಅದೇ. ಊರಿನ ಹೊರಗೆ ಕಂಬಳಿ ಹಾಸಿ ಆಡಿದರೆ ಪೊಲೀಸರು ಬರುತ್ತಾರೆ, ಇಲ್ಲಿ ಟೈ ಕಟ್ಟಿಕೊಂಡವರು ಕುರ್ಚಿ ಎಳೆದು ಕೂರಿಸುತ್ತಾರೆ.

ಅಮ್ಮ ಆ ಮೇಜಿನ ಹತ್ತಿರ ಹೋಗಿ ನಿಂತಳು. ಒಂದು ಆಟ ಪೂರ್ತಿ ನೋಡಿದಳು. ಎರಡನೆಯದಕ್ಕೆ ಎಲೆ ಬೀಳುವ ಮೊದಲೇ ಅವಳ ತುಟಿ, “ಒಳಗೆ, ಹೊರಗೆ, ಒಳಗೆ, ಹೊರಗೆ” ಎನ್ನುತ್ತಿತ್ತು. ಇಸ್ಪೀಟನ್ನು ಒಲೆಗೆ ಹಾಕಿದ ಅಮ್ಮ! ನನಗೆ ಆಶ್ಚರ್ಯ. “ನಿಂಗೆ ಈ ಆಟ ಹ್ಯಾಗೆ ಗೊತ್ತಮ್ಮ?” ಎಂದೆ.

“ಜಗಲಿಯಲ್ಲಿ ಆಡೋರಿಗೆ ರಾತ್ರಿಯಿಡೀ ಚಾ ಕಾಸಿ ಕೊಟ್ಟವಳಿಗೆ ಗೊತ್ತಾಗದೇ ಇರತ್ತಾ? ನಡಿ, ಇಲ್ಲಿ ಚಳಿ.”

ಮೇಲಿನ ಅಂತಸ್ತಿಗೆ ಬಂದೆವು. ರಾತ್ರಿ ಹನ್ನೊಂದು ದಾಟಿರಬೇಕು. ಸುತ್ತ ಕಪ್ಪು ನೀರು, ದೂರದಲ್ಲಿ ಮೀನುದೋಣಿಗಳ ನಾಲ್ಕಾರು ದೀಪ. ಅಕ್ಕ, ನಾನು, ತಂಗಿ ಅಮ್ಮನ ಸುತ್ತ ಕೂತೆವು. ಅಣ್ಣ ಅಮ್ಮನ ಮಾತ್ರೆಗೆಂದು ಬಿಸಿನೀರು ತಂದವನು ಅಲ್ಲೇ ಕಂಬಿಗೆ ಒರಗಿ ನಿಂತ. ಅಮ್ಮ ಯಾರ ಮುಖವನ್ನೂ ನೋಡದೆ ಶುರುಮಾಡಿದಳು.

1987. ಅಡಿಕೆ ಮಾರಿ ಬಂದ ದುಡ್ಡು ಅಪ್ಪಯ್ಯನ ಕೈಯಲ್ಲಿತ್ತು. ಮೂರು ರಾತ್ರಿ ಆಟ. ದುಡ್ಡು ಮುಗಿಯಿತು, ಸಾಲ ಆಯಿತು, ಮೂರನೆಯ ರಾತ್ರಿ ಮನೆಯ ಹಿಂದಿನ ಒಂದೆಕರೆ ತೋಟವನ್ನು ಛಾಪಾ ಕಾಗದದ ಮೇಲೆ ಬರೆದುಕೊಟ್ಟರು. ಆಗ ನನಗೆ ಎಂಟು ವರ್ಷ; ಜಗಲಿಯಲ್ಲಿ ನೆಂಟರು ಇದ್ದಾರೆಂದು ನಮ್ಮನ್ನು ಅಡುಗೆಮನೆಯಲ್ಲೇ ಮಲಗಿಸುತ್ತಿದ್ದುದು ನೆನಪಿದೆ. ಬೆಳಗಾಗುತ್ತಲೇ ಅಮ್ಮ ತನ್ನ ಅವಲಕ್ಕಿ ಸರ, ಪಾಟಲಿ, ಬೆಂಡೋಲೆ ಎಲ್ಲ ಗಂಟು ಕಟ್ಟಿಕೊಂಡು ಗೆದ್ದವರ ಮನೆಗೆ ಹೋದಳು. ಅಣ್ಣನಿಗೆ ಆಗ ಹದಿನಾರು, ಜೊತೆಗೆ ಅವನೇ ಹೋದ. ಗೆದ್ದವರು ಮಲಗಿದ್ದರು. ಬಾಗಿಲು ತೆರೆದವಳು ಅವರ ಹೆಂಡತಿ.

“ನಾನೂ ಅತ್ತೆ, ಅವಳೂ ಅತ್ಲು. ಬಂಗಾರ ಮಾತ್ರ ತಗೊಂಡ್ಲು, ಬಿಡಲಿಲ್ಲ. ಪಾಪ, ಅವಳಾದ್ರೂ ಏನು ಮಾಡ್ತಾಳೆ, ಕಾಗದ ಗಂಡನ ದಿಂಬಿನ ಕೆಳಗಿತ್ತು. ಮೆಲ್ಲಗೆ ಎಳೆದು ತಂದು ಕೊಟ್ಲು.”

ತೋಟ ಉಳಿಯಿತು. ಉಳಿದ ಸಾಲ ಉಳಿಯಿತು. ಎಸ್.ಎಸ್.ಎಲ್.ಸಿ. ಪಾಸಾಗಿದ್ದ ಅಣ್ಣ ಕಾಲೇಜು ಬಿಟ್ಟು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದು ಅದಕ್ಕೇ. ನಾಲ್ಕು ವರ್ಷ ಅವನ ಸಂಬಳ ಮನೆಗೆ ಬರಲಿಲ್ಲ, ಸಾಲಕ್ಕೇ ಹೋಯಿತು. ನಮಗೆ ಗೊತ್ತಿದ್ದುದು, ಅಣ್ಣನಿಗೆ ಓದು ತಲೆಗೆ ಹತ್ತಲಿಲ್ಲ ಎಂದು.

ತಂಗಿ ಅಷ್ಟು ಹೊತ್ತು ಸುಮ್ಮನಿದ್ದವಳು, “ಬಂಗಾರ ನನ್ನ ಟೈಫಾಯಿಡ್ಡಿಗೆ ಹೋಯ್ತು ಅಂದಿದ್ರಲ್ಲ?” ಎಂದಳು.

ಇದನ್ನು ನಿಮಗೆ ಹೇಳಬೇಕು. ಮೂರು ವರ್ಷದ ತಂಗಿಗೆ ಅದೇ ವರ್ಷ ಟೈಫಾಯಿಡ್ ಆಗಿ ಶಿವಮೊಗ್ಗದಲ್ಲಿ ಹದಿನೈದು ದಿನ ಇಟ್ಟಿದ್ದರು. ಅಮ್ಮನ ಬರಿ ಕೊರಳನ್ನು ಕಂಡು ಕೇಳಿದವರಿಗೆಲ್ಲ, ‘ಕಿರಿಯವಳ ಆಸ್ಪತ್ರೆ ಖರ್ಚಿಗೆ ಮಾರಿದ್ದು’ ಎಂಬ ಉತ್ತರ ಸಿದ್ಧವಾಗಿತ್ತು. ನೆಂಟರು ಮದುವೆ-ಮುಂಜಿಗಳಲ್ಲಿ ಇವಳ ಗಲ್ಲ ಹಿಂಡಿ, “ನಿಮ್ಮಮ್ಮನ ಸರ ನುಂಗಿದವಳು ನೀನೇ ಅಲ್ವೇನೇ?” ಎಂದು ನಗುತ್ತಿದ್ದರು. ಅಮೆರಿಕಕ್ಕೆ ಹೋಗಿ ಮೊದಲ ಸಂಬಳದಲ್ಲಿ ಇವಳು ಅಮ್ಮನಿಗೆ ಸರ ಮಾಡಿಸಿ ತಂದಿದ್ದಳು. ಅಮ್ಮ ಅದನ್ನು ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟಿದ್ದು ಯಾಕೆಂದು ನನಗೆ ತಿಳಿದಿದ್ದು ಆ ರಾತ್ರಿ.

“ಕೇಳಿದವರಿಗೆ ಏನಾದ್ರೂ ಹೇಳ್ಬೇಕಿತ್ತಲ್ಲ. ಗಂಡ ಆಡಿ ಕಳೆದ ಅನ್ಲಾ?” ಎಂದಳು ಅಮ್ಮ.

“ಮೂವತ್ತಾರು ವರ್ಷ, ಅಮ್ಮ!”

ತಂಗಿಗೆ ಸಿಟ್ಟು ಬಂದಿತ್ತು. ಅಳಲಿಲ್ಲ, ಸಿಟ್ಟು ಮಾಡಿಕೊಂಡಳು. ಅಕ್ಕ ಅವಳ ಕೈ ಹಿಡಿಯಲು ಹೋದರೆ ಕೊಡವಿದಳು. ಆಮೇಲೆ ಕಂಬಿಯ ಕಡೆ ತಿರುಗಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನನ್ನೇ ಕೇಳಿದಳು: “ನಿಂಗೂ ಗೊತ್ತಿತ್ತು. ಮನೆ ಮಾರೋವಾಗ ಆದ್ರೂ ಹೇಳ್ಬಹುದಿತ್ತಲ್ಲ ಅಣ್ಣ?”

ಅಣ್ಣ ಬಿಸಿನೀರಿನ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಅಪ್ಪಯ್ಯ ಇಲ್ವಲ್ಲೇ. ಸತ್ತವರ ಮೇಲೆ ಹೇಳೋದು ಹೆಂಗೆ?” ಎಂದ. ಇನ್ನೇನೂ ಹೇಳಲಿಲ್ಲ. ನೀರು ಆರಿತ್ತು, ಬೇರೆ ತರುತ್ತೇನೆಂದು ಕೆಳಗೆ ಹೋದ. ಐದು ನಿಮಿಷ ಬಿಟ್ಟು ತಂಗಿಯೂ ಎದ್ದು ಹೋದಳು. ಕೋಣೆಗೆ ಹೋದಳೆಂದುಕೊಂಡೆವು, ಆಮೇಲೆ ಅತ್ತಿಗೆ ಬಂದು, “ಅವರಿಬ್ರೂ ಕೆಳಗೆ ಕಾಫಿ ಮಷೀನಿನ ಹತ್ರ ನಿಂತಿದ್ದಾರೆ, ನಾನು ಆ ಕಡೆ ಹೋಗಲಿಲ್ಲ” ಎಂದು ಕಣ್ಣು ಮಿಟುಕಿಸಿದಳು.

ನಾನು ಅಮ್ಮನ ಕಾಲು ಒತ್ತುತ್ತ ಕೂತೆ. ಅಪ್ಪಯ್ಯನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಗರದ ಮಾರಿಕಾಂಬೆ ಜಾತ್ರೆ ತೋರಿಸಿದ್ದೇ ನೆನಪಾಗುತ್ತಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ. ಪೀಪಿ, ಬೆಂಡು-ಬತ್ತಾಸು ಏನು ಕೇಳಿದರೂ ಕೊಡಿಸುತ್ತಿದ್ದರು. ಕೈಬಿಚ್ಚಿ ಕೊಡುವ ಗುಣ ಒಂದು ಕಡೆ ಮಾತ್ರ ಇರುವುದಿಲ್ಲವೋ ಏನೋ. ಅಮ್ಮನನ್ನು ಕೇಳಿದೆ, “ಆಮೇಲೆ ಅಪ್ಪಯ್ಯ ಆಡಲಿಲ್ವಾ?” ಅಮ್ಮ, “ನಮ್ಮ ಜಗಲಿಯಲ್ಲಿ ಆಡಲಿಲ್ಲ” ಎಂದಳು.

ಈಗ ಜಗಲಿಯೂ ಬೇಡ, ಕಂಬಳಿಯೂ ಬೇಡ ಅನ್ನಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಾಗ ಎಷ್ಟೋ ಮನೆಯ ಹೆಂಗಸರು ಉಸಿರು ಬಿಟ್ಟರು. ಅಷ್ಟರಲ್ಲಿ ಫೋನು ಬಂತು. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಫೋನಿನಲ್ಲಿ ಆಡಿ ತಾಯಿಯ ಬಳೆ ಅಡವಿಟ್ಟಿದ್ದ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದಾಗ ಆ ತಾಯಿಗೆ ನಾನೇ ಪತ್ರಿಕೆ ಓದಿ ಹೇಳಿದೆ. “ಬಳೆ ಬಿಡಿಸಿಕೊಡ್ತಾರಾ?” ಎಂದು ಕೇಳಿದಳು.

ಹಡಗು ಮುಂಬಯಿಗೆ ಮರಳಲು ಇನ್ನೂ ಒಂದು ದಿನವಿತ್ತು. ಆ ದಿನ ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂತರೆಂದು ನಾನು ಲೆಕ್ಕ ಇಡಲಿಲ್ಲ. ಅಮ್ಮನಿಗೆ ಓಲಾಟಕ್ಕೆ ತಲೆ ಸುತ್ತು ಬಂದು ಅವಳ ಆರೈಕೆಯೇ ಆಯಿತು. ಇಳಿಯುವಾಗ ತಂಗಿ, “ನಾನೂ ಬೆಂಗಳೂರಿಗೆ ಬರ್ತೀನಿ” ಎಂದಳು, ಯಾರನ್ನೂ ಉದ್ದೇಶಿಸದೆ. “ಬರೋದಾದ್ರೆ ಟಿಕೇಟು ನೋಡ್ಬೇಕು” ಎಂದ ಅಣ್ಣ, ಅವನೂ ಯಾರನ್ನೂ ಉದ್ದೇಶಿಸದೆ.

ವಾರದ ನಂತರ ಅತ್ತಿಗೆಗೆ ಫೋನು ಮಾಡಿದೆ. ಹೇಗಿದ್ದಾರೆ ಇಬ್ಬರೂ ಎಂದು ಕೇಳಿದೆ.

“ಏನ್ ಹೇಳ್ಲಿ ಮಾರಾಯ್ತಿ, ಬೆಳಗ್ಗಿಂದ ಚೌಕಾಬಾರ ಹಾಕ್ಕೊಂಡು ಕೂತಿದ್ದಾರೆ. ಹಣ್ಣಾಗೋ ಹೊತ್ತಿಗೆ ಅವಳ ಕಾಯಿ ಹೊಡೆದ್ರಂತೆ, ಜಗಳ ಹತ್ತಿ ಉರೀತಿದೆ. ಅತ್ತೆ ಬೇರೆ ಅವಳ ಕಡೆ. ಅಡುಗೆಗೆ ಯಾರೂ ಏಳ್ತಿಲ್ಲ, ನಾನೇ ಅನ್ನಕ್ಕಿಟ್ಟು ಬಂದೆ.”